ಬಾಣಂತಿ ಕೋಣೆಯ ಮೇಲಿನ ರೈಲು

ಬೈಲಹೊಂಗಲಕ್ಕೆ ಇವತ್ತಿಗೂ ರೈಲಿಲ್ಲ. ರೈಲು ಹತ್ತಬೇಕೆಂದರೆ ಧಾರವಾಡಕ್ಕೋ ಬೆಳಗಾವಿಗೋ ಬಸ್ಸು ಹಿಡಿದು ಹೋಗಬೇಕು. ಆದರೆ ನಾನು ಫ್ರಾಕು ತೊಟ್ಟು ಸಾಲೆಗೆ ಹೋಗುತ್ತಿದ್ದ ಕಾಲಕ್ಕೇ ನಮ್ಮ ಮನೆಯ ಅಟ್ಟದ ಮೇಲೆ ಒಂದು ರೈಲು ಓಡಲು ತಯಾರಾಗುತ್ತಿತ್ತು. ಅದರ ಒಡೆಯ ನನ್ನ ಅಪ್ಪನ ತಮ್ಮ, ಬಸು ಕಾಕಾ. ಪೇಟೆಯಲ್ಲಿ ಅವನದೊಂದು ರೇಡಿಯೋ ರಿಪೇರಿ ಅಂಗಡಿ ಇತ್ತು. ಬೆಳಗಾವಿಯ ಮಿಲಿಟರಿ ಸಾಹೇಬರೊಬ್ಬರು ವರ್ಗವಾಗಿ ಹೋಗುವಾಗ ತಮ್ಮ ಮಕ್ಕಳು ಆಡಿ ಬೇಸತ್ತ ಆಟದ ರೈಲನ್ನು ಅವನ ಕೈಗೆ ಹಾಕಿ ಹೋಗಿದ್ದರು. ಗೇಣುದ್ದದ ಕರಿ ಎಂಜಿನ್, ಅದರ ಹಿಂದೆ ಕೆಂಪು ಡಬ್ಬಿಗಳು, ತುಂಡು ತುಂಡು ತಗಡಿನ ಹಳಿ, ಕರೆಂಟು ಇಳಿಸಿ ಕೊಡುವ ಒಂದು ಪೆಟ್ಟಿಗೆ. ಆ ಪೆಟ್ಟಿಗೆಯ ಮೇಲೆ ಒಂದು ಗುಂಡಿ. ಬಲಕ್ಕೆ ತಿರುವಿದರೆ ರೈಲು ಹೊರಡುತ್ತಿತ್ತು, ಎಡಕ್ಕೆ ತಿರುವಿದರೆ ನಿಲ್ಲುತ್ತಿತ್ತು. ಆ ಒಂದು ಗುಂಡಿಗಾಗಿ ನಾನು ಒಂದು ಇಡೀ ಚಳಿಗಾಲ ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡು ತಿರುಗಿದೆ.

ನಮ್ಮ ಮನೆಯ ನಡುವೆ ಪಡಸಾಲೆ, ಎಡಕ್ಕೆ ಅಡುಗೆಮನೆ, ಬಲಕ್ಕೆ ಕಿಟಕಿಯಿಲ್ಲದ ಒಂದು ಕೋಣೆ. ಆ ಕೋಣೆಯ ತಲೆಯ ಮೇಲೆ ಮಾತ್ರ ಅಟ್ಟ. ಮೊದಲು ಅಲ್ಲಿ ಬೀಜದ ಜೋಳ, ಬೆಳ್ಳುಳ್ಳಿ ಗೊಂಚಲು, ಹರಿದ ಜಮಖಾನೆ ಬಿದ್ದಿರುತ್ತಿದ್ದವು. ಕಾಕಾ ಅವನ್ನೆಲ್ಲ ಒಂದು ಮೂಲೆಗೆ ತಳ್ಳಿ, ಹಳೆ ಬಾಗಿಲಿನ ಹಲಗೆ ಹಾಸಿ, ಅದರ ಮೇಲೆ ಹಳಿ ಜೋಡಿಸತೊಡಗಿದ. ಸ್ಕ್ರೂ ಕೈಗೆ ಕೊಡುವವಳು ನಾನು, ಎಣ್ಣೆ ಬತ್ತಿ ಹಿಡಿಯುವವಳು ನಾನು, ಹಳಿಗೆ ಹಿಡಿದ ತುಕ್ಕನ್ನು ಬೂದಿ ಹಾಕಿ ತಿಕ್ಕಿದವಳೂ ನಾನೇ. ಹಳಿ ತಿಕ್ಕಿ ತಿಕ್ಕಿ ಬೆರಳು ಕರ್ರಗಾದ ಒಂದು ದಿನ ಕಾಕಾ ಕನ್ನಡಕದ ಮೇಲಿಂದ ನನ್ನನ್ನು ನೋಡಿ ಹೇಳಿದ:

"ದಾರಿ ಪೂರಾ ಸುತ್ತ ಆಗ್ಲಿ ನೀಲಾ. ಮೊದಲ ಗಾಡಿ ಬಿಡಾಕಿ ನೀನಽ."

ದೊಡ್ಡವರು ಇಂಥ ಮಾತನ್ನು ಆಡಿ ಮರೆಯುತ್ತಾರೆ. ನಾನು ಮರೆಯುವ ಜಾತಿಯವಳಲ್ಲ. ಸಾಲೆಯಲ್ಲಿ ಪಾಠ ನಡೆಯುವಾಗ ಬೆಂಚಿನ ಕೆಳಗೆ ಇಲ್ಲದ ಗುಂಡಿಯನ್ನು ಬಲಕ್ಕೆ ತಿರುವುತ್ತ ಕೂತಿರುತ್ತಿದ್ದೆ.

ಅಷ್ಟರಲ್ಲಿ ಸವದತ್ತಿಯಿಂದ ಗಿರಿಜಾ ಅತ್ತೆ, ಅಪ್ಪನ ತಂಗಿ, ಎರಡನೆಯ ಹೆರಿಗೆಗೆ ತವರಿಗೆ ಬಂದಳು. ಜೊತೆಯಲ್ಲಿ ಮೊದಲ ಮಗಳು ಸುನಂದಾ. ನನ್ನ ವಾರಿಗೆಯವಳು. ಎರಡು ಜಡೆ, ತೊಳೆದಿಟ್ಟಂಥ ಮುಖ, ಹಿರಿಯರು ಏನು ಹೇಳಿದರೂ "ಹೌದ್ರಿ" ಎನ್ನುವ ಬಾಯಿ. ನಾನು ಕಾಕಾನಿಗೆ ನೀನು ಎನ್ನುತ್ತಿದ್ದೆ. ಆಕೆ ತನ್ನ ಸ್ವಂತ ಮಾಮನಿಗೆ ರೀ ಹಚ್ಚಿ ಮಾತಾಡುತ್ತಿದ್ದಳು. "ನೋಡಿ ಕಲಿ" ಎಂದು ಆಯಿ ನನಗೆ ಕಣ್ಣಲ್ಲೇ ಹೇಳಿದಳು. ಆಯಿ ಎಂದರೆ ಅಪ್ಪನ ತಾಯಿ, ಮನೆಯ ಯಜಮಾನಿ. ಬೈಯಲು ಏನಾದರೂ ಒಂದು ಕೊರತೆ ಇರುವ ಹುಡುಗಿಯನ್ನು ಸಹಿಸಬಹುದು. ಸುನಂದಾಳಲ್ಲಿ ನನಗೆ ಒಂದೂ ಸಿಗಲಿಲ್ಲ, ಅದೇ ನನ್ನ ಮೊದಲ ಸಿಟ್ಟು.

ಕೂಸು ಹುಟ್ಟಿತು, ಗಂಡು. ಅಟ್ಟದ ಕೆಳಗಿನ ಕೋಣೆಯೇ ಬಾಣಂತಿ ಕೋಣೆಯಾಯಿತು. ಬಾಗಿಲಿಗೆ ಕಂಬಳಿ, ಹೊರಸಿನ ಕೆಳಗೆ ಕೆಂಡ ತುಂಬಿದ ಕಬ್ಬಿಣದ ಬುಟ್ಟಿ, ಲೋಬಾನದ ಹೊಗೆ, ಬೆಳ್ಳುಳ್ಳಿಯ ವಾಸನೆ. ಆಯಿ ಬಾಗಿಲಲ್ಲಿ ನಿಂತು ತನ್ನ ಕಾನೂನು ಹೇಳಿದಳು:

"ಹಿರೀ ಕೂಸಿನ ಕಣ್ಣು ಸಣ್ಣ ಕೂಸಿಗೆ ಲಗೂನ ಹತ್ತತೈತಿ. ಬಾಣಂತಿದು ಹಸೀ ಮೈ ಆರೂ ಮಟಾ ಸುನಂದಾನ್ನ ಒಳಗ ಬಿಡಬ್ಯಾಡ್ರಿ. ಹೊಸ್ತಿಲದಾಗ ನಿಂತು ನೋಡ್ಲಿ, ಸಾಕು."

"ಹೌದ್ರಿ ಆಯಿ" ಎಂದಳು ಸುನಂದಾ. ನನಗೆ ಆ ಕಾನೂನು ಇರಲಿಲ್ಲ. ನಾನು ಸೋದರ ಸೊಸೆ, ಒಳಗೂ ಹೊರಗೂ ಓಡಾಡುತ್ತಿದ್ದೆ, ಕೆಂಡ ಒಯ್ಯುತ್ತಿದ್ದೆ, ಕೂಸಿನ ಬಟ್ಟೆ ಹಿಂಡುತ್ತಿದ್ದೆ. ಆಯಿ ಸಂಜೆಗೊಮ್ಮೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವಾಗ ಹೊಸ್ತಿಲಲ್ಲಿ ನಿಂತ ಸುನಂದಾಳ ಕಡೆಗೇ ನೋಡುತ್ತಿದ್ದಳು. ಆ ಮನೆಯಲ್ಲಿ ಉರಿಯುವ ಕಣ್ಣು ಇದ್ದದ್ದು ನನಗೆ, ಒಬ್ಬರಿಗೂ ಅನುಮಾನ ಬರಲಿಲ್ಲ. ಯಾಕೆ ಉರಿ ಎಂದರೆ, ಹುಡುಗಿ ತಾಯಿಯ ಕೋಣೆಯ ಮುಂದೆ ಸುಮ್ಮನೆ ನಿಂತಿರುವುದನ್ನು ಕಂಡು ಕಾಕಾ ಆಕೆಯನ್ನು ಅಟ್ಟಕ್ಕೆ ಕರೆದುಕೊಂಡು ಹೋಗಿದ್ದ. ನಾನು ಸಾಲೆಯಿಂದ ಬಂದು ನಿಚ್ಚಣಿಕೆ ಹತ್ತಿ ನೋಡಿದರೆ ನನ್ನ ಜಾಗದಲ್ಲಿ, ನನ್ನ ಸ್ಕ್ರೂ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ಅದೇ ದಿನ ಕಾಕಾ ಅರ್ಧ ಸುತ್ತು ಹಳಿಯ ಮೇಲೆ ಎಂಜಿನ್ ಓಡಿಸಿ ನೋಡಿದ. ಹಲಗೆಯ ಮೇಲೆ ತಗಡು, ಹಲಗೆಯ ಕೆಳಗೆ ಮತ್ತೆ ಅಟ್ಟದ ಹಲಗೆ. ಯಾರೋ ಮನೆಯೊಳಗೆ ಡೊಳ್ಳು ಹೊಡೆದ ಹಾಗೆ ಸದ್ದು ಬಂತು. ಕೆಳಗೆ ಕೂಸು ಬೆಚ್ಚಿ ಕಿರುಚಿತು. ಆಯಿ ನಿಚ್ಚಣಿಕೆಯ ಬುಡಕ್ಕೆ ಬಂದು ನಿಂತಳು.

"ಬಾಣಂತಿ ತಲಿ ಮ್ಯಾಲ ಇದೇನೋ ಗಡಗಡ ಹಚ್ಚೀದಿ? ಕಟಿಗಿ ಒಲಿಗೆ ಹಾಕು, ತಗಡು ತಿಪ್ಪಿಗೆ ಒಗಿ."

"ಯವ್ವಾ, ಒಂದೀಟು ತಡಕೋ. ಸಪ್ಪಳ ಬರದಂಗ ಮಾಡತೇನಿ."

"ಅಮಾಸಿ ಮಟಾ ನೋಡತೇನಿ. ಆಮ್ಯಾಲ ಕೂಸು ಒಂದು ಸಲ ಬೆಚ್ಚಿತಂದ್ರ ನಾನಽ ಹತ್ತಿ ಬರಾಕಿ."

ಕಾಕಾ ಧಾರವಾಡದ ಸ್ಟೇಷನ್ನಿನಲ್ಲಿ ಹಳಿಯ ಕೆಳಗೆ ಖಡಿ ಸುರಿದದ್ದನ್ನು ನೋಡಿದ್ದ. ಆ ಕಲ್ಲು ಗಾಡಿಯ ಭಾರ ಹೊರುವುದಷ್ಟೇ ಅಲ್ಲ, ಸದ್ದನ್ನೂ ನುಂಗುತ್ತದೆ ಎಂದು ನಮಗೆ ತಿಳಿಸಿ ಹೇಳಿದ. ನಮ್ಮ ಹಳಿಗೂ ಹಾಗೆ ಸದ್ದು ನುಂಗುವ ಒಂದು ಹಾಸು ಬೇಕು. ಹಾಸು ಹಾಕುವವರು ಮೇಲೆ ಇರಬೇಕು, ಸದ್ದು ಬರುತ್ತದೋ ಇಲ್ಲವೋ ಎಂದು ಕೇಳುವವರು ಕೆಳಗೆ ಇರಬೇಕು. ಕೆಳಗಿನ ಕೋಣೆಗೆ ಹೋಗುವ ಹಕ್ಕು ಇಬ್ಬರಲ್ಲಿ ಯಾರಿಗಿತ್ತು? ನನಗೆ. ಹೀಗೆ ನನ್ನ ಹಕ್ಕೇ ನನ್ನನ್ನು ಅಟ್ಟದಿಂದ ಇಳಿಸಿತು. ಹಲಗೆಯ ಸಂದಿಯಿಂದ ಕಾಕಾ ಒಂದು ದಾರ ಇಳಿಬಿಟ್ಟ. ಸದ್ದು ಬಂದರೆ ನಾನು ದಾರ ಜಗ್ಗಬೇಕು. ಮೇಲಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡವಳು ಸುನಂದಾ. ನಾನು ಎಷ್ಟು ಜೋರಾಗಿ ಜಗ್ಗುತ್ತಿದ್ದೆನೆಂದರೆ ಆಕೆ "ಹಾ" ಎನ್ನುವುದು ಕೆಳಗೆ ಕೇಳುತ್ತಿತ್ತು.

ಮೊದಲು ಆಯಿಯ ಹಳೆ ಕೌದಿಯನ್ನು ಮಡಿಸಿ ಹಾಸಿದರು. ಹಳಿ ಕೌದಿಯಲ್ಲಿ ಹೂತು ಡೊಂಕಾಯಿತು, ಎಂಜಿನ್ ಮಗುಚಿ ಧಡ್ ಎಂದು ಹಲಗೆಗೆ ಬಿತ್ತು. ಆಮೇಲೆ ಹತ್ತಿ. ಹತ್ತಿ ಬೆಳೆಯುವ ಊರಿನವರು ನಾವು, ಮೆತ್ತಗೆ ಎಂದೊಡನೆ ಕೈ ಅಲ್ಲಿಗೇ ಹೋಗುತ್ತದೆ. ಕಾಕಾ ಹಿಂಜಿದ ಹತ್ತಿಯನ್ನು ಹಳಿಯ ಕೆಳಗೆ ಒತ್ತಿ ಒತ್ತಿ ತುಂಬಿದ. ಎರಡು ಸಲ ಓಡಿಸುವಷ್ಟರಲ್ಲಿ ಹತ್ತಿಯೆಲ್ಲ ಗಾಲಿಗೆ ಸುತ್ತಿಕೊಂಡು ಎಂಜಿನ್ ಸುಟ್ಟ ವಾಸನೆ ಬಿಟ್ಟಿತು. ಸಪ್ಪಳವೇನೋ ನಿಂತಿತು, ಏಕೆಂದರೆ ರೈಲೇ ನಿಂತಿತು. ಕೆಳಗೆ ಕೂತು ನಾನು ಮನಸಾರೆ ನಕ್ಕೆ.

ಮರುದಿನ ಹಲಗೆಯ ಸಂದಿಯಿಂದ ಸುನಂದಾಳ ಮೆತ್ತನೆ ದನಿ ಇಳಿದು ಬಂತು.

"ಮಾಮಾ, ದಂಟಿನ ಬೆಂಡು ಹಾಕಿ ನೋಡೂನ್ರಿ? ನಮ್ಮೂರಾಗ ನಾವು ಅದರಲೇ ಚಕ್ಕಡಿ ಮಾಡತೇವಿ. ಮೆತ್ತಗ ಇರತೈತಿ, ಆದ್ರ ಕುಸಿಯೂದಿಲ್ಲ."

"ಭಲೇ ನನ್ನವ್ವಾ," ಎಂದ ಕಾಕಾ.

ಜೋಳದ ದಂಟಿನ ಸಿಪ್ಪೆ ಸುಲಿದರೆ ಒಳಗೆ ಬೆಳ್ಳನೆಯ ಬೆಂಡು. ಅದರಿಂದ ಚಕ್ಕಡಿ, ಎತ್ತು, ಕನ್ನಡಕ ಮಾಡದ ಮಕ್ಕಳು ನಮ್ಮ ಸೀಮೆಯಲ್ಲಿ ಇದ್ದಾರೆಯೇ? ನಾನು ಮಾಡಿದ ಚಕ್ಕಡಿ ಇಡೀ ಓಣಿ ಸುತ್ತಿ ಬಂದಿತ್ತು. ಆ ಮಾತು ನನ್ನ ನಾಲಿಗೆಗೆ ಯಾಕೆ ಬರಲಿಲ್ಲ? ಇವತ್ತಿಗೂ ಅದನ್ನು ನೆನೆದರೆ ನನಗೆ ನನ್ನ ಮೇಲೆ ಸಿಟ್ಟು ಬರುತ್ತದೆ, ಆಕೆಯ ಮೇಲೆ ಇನ್ನೂ ಹೆಚ್ಚು ಬರುತ್ತದೆ.

ಹೊಲದಲ್ಲಿ ಜೋಳದ ತೆನೆ ಹಾಲುಗಾಳಿನ ಹಂತಕ್ಕೆ ಬಂದಿತ್ತು. ಕಾಕಾ ಹಸಿ ದಂಟು ಕಿತ್ತು ತಂದ. ಸಿಪ್ಪೆ ಸುಲಿದು, ಬೆಂಡನ್ನು ಉದ್ದಕ್ಕೆ ಸೀಳಿ, ಹಲಗೆಯ ಮೇಲೆ ಒತ್ತಾಗಿ ಜೋಡಿಸಿ, ಅದರ ಮೇಲೆ ಹಳಿ ಇಟ್ಟು ಮೊಳೆ ಹೊಡೆದ. ಸುಲಿಯುತ್ತ ಇಬ್ಬರೂ ದಂಟು ಜಗಿದು ರಸ ಹೀರುವ ಸದ್ದು ನನಗೆ ಕೇಳುತ್ತಿತ್ತು. ರೈಲಿನ ಗಡಗಡ ಅರ್ಧಕ್ಕೆ ಇಳಿದದ್ದು ನಿಜ. ಆದರೆ ಸಿಹಿ ದಂಟು ಅಂದಮೇಲೆ ಇರುವೆಗೆ ಯಾರಾದರೂ ಹೇಳಿ ಕಳಿಸಬೇಕೇ? ಒಂದು ದಿನ ಬಿಟ್ಟು ತೊಲೆಯ ಮೇಲೆ ಕೆಂಪು ಸಾಲು ಹೊರಟಿತು. ತೊಲೆಯಿಂದ ತೊಟ್ಟಿಲಿನ ಹಗ್ಗಕ್ಕೆ, ಹಗ್ಗದಿಂದ ತೊಟ್ಟಿಲಿಗೆ. ಕೂಸಿನ ಕಿವಿಯ ಹಿಂದೆ ಒಂದು ಕಚ್ಚಿತು.

ಸುನಂದಾ ಹೇಳಿದ ಉಪಾಯ ಹೀಗಾಯಿತಲ್ಲ ಎಂದು ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆದರೆ ಆಯಿ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ನಿಚ್ಚಣಿಕೆ ಹತ್ತಲು ಹೊರಟಳು. ಆಕೆ ಮೇಲೆ ಹೋದರೆ ರೈಲು ಉಳಿಯುವುದಿಲ್ಲ. ರೈಲು ಹೋದರೆ ಗುಂಡಿಯೂ ಹೋಗುತ್ತದೆ. ಸುನಂದಾ ಸೋಲಬೇಕು, ಆದರೆ ರೈಲು ಉಳಿಯಬೇಕು. ಎರಡೂ ಒಟ್ಟಿಗೆ ಆಗುವ ದಾರಿ ನನಗೆ ಕಾಣಲಿಲ್ಲ. ಹಲ್ಲು ಕಚ್ಚಿಕೊಂಡು ಆಯಿಯ ಸೆರಗು ಹಿಡಿದೆ.

"ಆಯಿ, ಹಸೀ ದಂಟು ಸೀ ಇರತೈತಿ, ಅದಕ್ಕ ಇರಿವಿ ಬಂದಾವು. ಹ್ವಾದ ವರ್ಸದ ಒಣ ಕಣಿಕಿ ಹಿತ್ತಲದಾಗ ಬಣವಿ ಒಟ್ಟೇತಿ. ಅದಕ್ಕ ಎಂದಾರ ಇರಿವಿ ಹತ್ತಿದ್ದು ನೋಡೀದೇನು?"

ಆಯಿ ಮೆಟ್ಟಿಲ ಮೇಲೆ ನಿಂತು ನನ್ನನ್ನು ನೋಡಿದಳು. "ಅಮಾಸಿ ಇನ್ನೂ ಬಂದಿಲ್ಲ" ಎಂದು ಗೊಣಗಿ ಇಳಿದಳು. ಕಾಕಾ ಹಸಿ ಬೆಂಡೆಲ್ಲ ಕಿತ್ತು ಎಮ್ಮೆಗೆ ಹಾಕಿದ, ತೊಲೆಗೆ ಅರಿಶಿನ ಸವರಿದ, ಒಣ ದಂಟಿನ ಬೆಂಡು ಜೋಡಿಸಿದ. ಈ ಸಲ ಸದ್ದು ಬಹಳ ಇಳಿಯಿತು. ಉಳಿದದ್ದು ಒಂದು ಸಣ್ಣ ಟಕ್ ಟಕ್. ಅದು ಎಲ್ಲಿಂದ ಬರುತ್ತದೆಂದು ಮೇಲಿನವರಿಗೆ ತಿಳಿಯಲಿಲ್ಲ. ನಾನು ಕೋಣೆಯ ಕಂಬಕ್ಕೆ ಕಿವಿ ಹಚ್ಚಿ ಕೂತೆ. ರೈಲು ಓಡುವಾಗ ಕೆಲವು ಜಾಗದಲ್ಲಿ ಮಾತ್ರ ಕಂಬದೊಳಗೆ ಬಡಿದ ಹಾಗಾಗುತ್ತಿತ್ತು, ಆ ಜಾಗಗಳೆಲ್ಲ ಕಾಕಾ ಮೊಳೆ ಹೊಡೆದ ಜಾಗಗಳು. ಬೆಂಡು ನುಂಗಿದ ಸದ್ದನ್ನು ಮೊಳೆ ತನ್ನ ಮೈಯಿಂದ ಇಳಿಸಿ ಹಲಗೆಗೆ ಕೊಡುತ್ತಿತ್ತು.

"ಕಾಕಾ, ಮಳಿ ಕೀಳು. ಅಂಟು ಹಚ್ಚಿ ಕೂಡಿಸು," ಎಂದು ಸಂದಿಯಿಂದ ಕೂಗಿದೆ.

ಮೇಲೆ ಒಂದು ಮೊಳೆ ಕಿತ್ತ ಸದ್ದಾಯಿತು. ಆಮೇಲೆ ಕಾಕಾ ನಗುತ್ತ ಹೇಳಿದ: "ನಿನ್ನ ಕಿವಿ ಬಂಗಾರದ್ದು ನೀಲಾ. ನೀ ಕೆಳಗಽ ಇರು, ಮ್ಯಾಲ ಬರಬ್ಯಾಡ."

ಹೊಗಳಿಕೆಗಾಗಿ ಹಸಿದು ಕೂತವಳಿಗೆ ಸಿಕ್ಕ ಹೊಗಳಿಕೆ ಇದು. ಮತ್ತೆ ಕಂಬದ ಹತ್ತಿರವೇ ಕೂತೆ.

ಅಂಟು ಎಲ್ಲಿಂದ ಬರಬೇಕು? ಬಾಣಂತಿಗೆ ಅಂಟಿನ ಉಂಡಿ ಕಟ್ಟಲು ಡಬ್ಬಿ ತುಂಬ ಜಾಲಿ ಅಂಟು ತಂದಿಟ್ಟಿದ್ದರು. ಕಾಕಾ ಅದನ್ನೇ ಮುಷ್ಟಿ ಮುಷ್ಟಿ ಒಯ್ದು ನೀರಲ್ಲಿ ನೆನೆಹಾಕಿ, ಬೆಂಡನ್ನು ಹಲಗೆಗೂ ಹಳಿಯನ್ನು ಬಟ್ಟೆಯ ಪಟ್ಟಿಯಿಂದ ಬೆಂಡಿಗೂ ಅಂಟಿಸಿದ. ಡಬ್ಬಿಯ ತಳ ಕಂಡ ದಿನ ಅವ್ವ ಅಡುಗೆಮನೆಯಲ್ಲಿ ಸೌಟು ಕೆಳಗಿಟ್ಟಳು. ಬೈಯುತ್ತಾಳೆಂದು ನಾನು ಕಾದೆ. ಆಕೆ ಬೇರೇನೋ ಹೇಳಿದಳು:

"ಒಯ್ಲಿ ಬಿಡು. ನಿನ್ನ ಹಡದಾಗ ರಾಮದುರ್ಗದ ತವರಮನ್ಯಾಗ ನನಗೇನ ಬುಟ್ಟಿಗಟ್ಟಲೆ ಉಂಡಿ ಕಟ್ಟಿದ್ರ? ಇಲ್ಲೆ ನೋಡು, ತುಪ್ಪ ಅಂದ್ರ ತುಪ್ಪ, ಕೊಬ್ರಿ ಅಂದ್ರ ಕೊಬ್ರಿ. ಕಟ್ಟಾಕಿ ನಾ, ತಿನ್ನಾಕಿ ಅಕಿ."

ಅವ್ವನ ಬಾಯಲ್ಲಿ ಅಂಥ ಮಾತು ಕೇಳಿ ನನಗೆ ಸಮಾಧಾನವಾಯಿತು. ಮನೆಯಲ್ಲಿ ಹೊಟ್ಟೆಕಿಚ್ಚಿನವಳು ನಾನೊಬ್ಬಳೇ ಅಲ್ಲ ಎಂದು ತಿಳಿಯಿತು. ಆಕೆ ಉಂಡಿ ಕಟ್ಟುತ್ತ ಒಂದನ್ನು ಮುರಿದು ಅರ್ಧ ತನ್ನ ಬಾಯಿಗೆ, ಅರ್ಧ ನನ್ನ ಬಾಯಿಗೆ ಹಾಕಿದಳು. ಇಬ್ಬರೂ ಕೂತು ಜಗಿದೆವು.

ಅಮಾವಾಸ್ಯೆಗೆ ಮುಂಚೆ ದಾರಿ ಪೂರ್ತಿ ಸುತ್ತಾಯಿತು. ನನಗೆ ಗೊತ್ತಾಗಲಿಲ್ಲ. ಕೂಸು ಮಲಗಿತ್ತು, ಅತ್ತೆ ಹೊರಸಿನ ಮೇಲೆ ಒರಗಿದ್ದಳು, ನಾನು ದಾರ ಹಿಡಿದು ಸದ್ದಿಗಾಗಿ ಕಾಯುತ್ತಿದ್ದೆ. ಸದ್ದು ಬರಲೇ ಇಲ್ಲ. ಬಂದದ್ದು ಕಾಕಾನ ಮಾತು, ಪಕ್ಕದಲ್ಲೇ ಕೂತು ಆಡಿದಷ್ಟು ಸ್ಪಷ್ಟವಾಗಿ.

"ಹಾಂ, ಬಲಕ್ಕ ತಿರುವು ಸುನಂದಾ. ಸಾವಕಾಶ. ಇನ್ನೂ ಒಂಚೂರು. ನೋಡಲ್ಲೆ, ಹೆಂಗ ಹೊಂಟೈತಿ."

ಮೊದಲ ಗಾಡಿ ಹೊರಟು ಹೋಗಿತ್ತು. ನನ್ನ ತಲೆಯ ಮೇಲಿಂದಲೇ ಹೋಗಿತ್ತು, ನನಗೆ ಸುಳಿವೂ ಸಿಗಲಿಲ್ಲ. ಗಡಗಡ ಇದ್ದಾಗ ಮೇಲಿನ ಮಾತು ನನಗೆ ಅರ್ಧ ಕೇಳುತ್ತಿತ್ತು, ಅರ್ಧ ಇಲ್ಲ. ಈಗ ಸದ್ದು ಸತ್ತು ಮಾತೆಲ್ಲ ಸೋಸಿಕೊಂಡು ಕೆಳಗಿಳಿಯುತ್ತಿತ್ತು. ಕಾಕಾ "ಶಾಣ್ಯಾ ಇದ್ದಿ" ಎಂದದ್ದು, ಆಕೆ ನಕ್ಕದ್ದು, ಇಬ್ಬರೂ ಸೇರಿ ರೈಲು ನಿಲ್ಲುವ ಜಾಗವನ್ನು ಸ್ಟೇಷನ್ನು ಮಾಡಿ ಅದಕ್ಕೆ ಸವದತ್ತಿ ಎಂದು ಹೆಸರಿಟ್ಟದ್ದು. ಬೈಲಹೊಂಗಲದ ಅಟ್ಟದಲ್ಲಿ ಸವದತ್ತಿ ಸ್ಟೇಷನ್ನು. ಬೆಂಡು ಸೂಚಿಸಿದವಳು ಆಕೆಯಾದರೂ ಒಣ ಬೆಂಡು ಹೇಳಿದವಳು ನಾನು, ಮೊಳೆ ಕೀಳಿಸಿದವಳು ನಾನು. ನನ್ನ ಕೈಯಾರೆ ಕಟ್ಟಿಸಿದ ಮೌನದಲ್ಲಿ ನಾನು ಕೂತು ಆಕೆಯ ಹೊಗಳಿಕೆ ಕೇಳಬೇಕಾಯಿತು. ಅವತ್ತಿನಿಂದ ಸುನಂದಾಳ ಜೊತೆ ಮಾತು ಬಿಟ್ಟೆ. ಊಟಕ್ಕೆ ಕೂತಾಗ ಆಕೆ ಚಟ್ನಿ ಬಟ್ಟಲು ನನ್ನ ಕಡೆ ಸರಿಸಿದರೆ ನಾನು ರೊಟ್ಟಿಯನ್ನು ಒಣದೇ ತಿನ್ನುತ್ತಿದ್ದೆ. ಕಾಕಾ ತನ್ನ ಮಾತು ಮರೆತಿದ್ದ. ನೆನಪು ಮಾಡಿಕೊಡಲು ನನ್ನ ಸೊಕ್ಕು ಬಿಡಲಿಲ್ಲ.

ಕೇಳುವ ಕೆಲಸ ಮುಗಿದರೂ ನಾನು ಆ ಕೋಣೆ ಬಿಡಲಿಲ್ಲ. ಮೇಲೆ ಏನು ನಡೆಯುತ್ತದೆಂದು ತಿಳಿಯದೆ ಇರಲು ನನ್ನಿಂದ ಆಗುತ್ತಿರಲಿಲ್ಲ. ಅತ್ತೆಗೆ ಆ ಕತ್ತಲೆಯಲ್ಲಿ ಹೊತ್ತು ಹೋಗುತ್ತಿರಲಿಲ್ಲ, ನನ್ನನ್ನು ಹತ್ತಿರ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚಿ ಬಾಚುತ್ತಿದ್ದಳು, ಸವದತ್ತಿಯ ಗುಡ್ಡದ ಕಥೆ ಹೇಳುತ್ತಿದ್ದಳು, ಆಯಿಗೆ ಕಾಣದಂತೆ ತನ್ನ ಪಾಲಿನ ಉಂಡಿ ನನ್ನ ಬಾಯಿಗೆ ತುರುಕುತ್ತಿದ್ದಳು. ಅವ್ವನಿಗೆ ಮನೆಗೆಲಸದಲ್ಲಿ ನನ್ನ ತಲೆ ನೋಡಲು ಪುರುಸೊತ್ತಿರಲಿಲ್ಲ. ಅಷ್ಟು ಹೊತ್ತು, ಅಷ್ಟು ಹಗುರ ಕೈಯಿಂದ ನನ್ನ ತಲೆ ಬಾಚಿದವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ. ಆದರೂ ನನ್ನ ಕಿವಿ ಮಾತ್ರ ಮೇಲಕ್ಕೇ ನೆಟ್ಟಿರುತ್ತಿತ್ತು.

ಒಂದು ಮಧ್ಯಾಹ್ನ ಆಯಿ ನೇಸರಗಿಗೆ ಯಾರದೋ ಮನೆ ತುಂಬಿಸುವ ಕಾರ್ಯಕ್ಕೆ ಹೋಗಿದ್ದಳು. ಅತ್ತೆ ನನ್ನ ಜಡೆ ಬಿಚ್ಚಿ ಬಾಚುತ್ತ, ತಾನು ಸಣ್ಣವಳಿದ್ದಾಗ ಕಾಕಾ ಎಮ್ಮೆಯಿಂದ ಬಿದ್ದದ್ದನ್ನು ಹೇಳಿ ನಗುತ್ತಿದ್ದಳು. ನಾನೂ ನಕ್ಕೆ. ಆಗ ಮೇಲೆ ಕಾಕಾ ಕೇಳಿದ:

"ಯಾಕ ಸುನಂದಾ, ಇವತ್ತ ಗಾಡಿ ಬಿಡೂದಿಲ್ಲೇನು?"

"ಬ್ಯಾಡ್ರಿ ಮಾಮಾ."

"ಮೈಯಾಗ ಅರಾಮ ಇಲ್ಲೇನು?"

"ಕೆಳಗ ಅವ್ವ ನಗಾಕತ್ತಾಳ. ನೀಲಾನ ತಲಿ ಬಾಚಾಕತ್ತಾಳ." ಆ ದನಿ ಸಂದಿಗೆ ಇನ್ನೂ ಹತ್ತಿರ ಬಂತು. "ಈ ಸಂದ್ಯಾಗಿಂದ ದಿನಾ ಕಾಣತೈತ್ರಿ. ನನಗ ಗಾಡಿ ಬ್ಯಾಡ. ನೀಲಾನ ಜಾಗಾ ಬೇಕು."

ನನ್ನ ತಲೆಯಲ್ಲಿ ಬಾಚಣಿಕೆ ನಿಂತಿತು. ಅತ್ತೆ ಕೇಳಿಸಿಕೊಂಡಿದ್ದಳು. ನಾನು ತಿರುಗಿ ಆಕೆಯ ಮುಖ ನೋಡಲಿಲ್ಲ, ಎದ್ದು ಬಿಚ್ಚಿದ ಕೂದಲಲ್ಲೇ ನಿಚ್ಚಣಿಕೆ ಹತ್ತಿದೆ. ಸುನಂದಾ ಹಲಗೆಯ ಮೇಲೆ ಬೋರಲು ಮಲಗಿ ಸಂದಿಗೆ ಕಣ್ಣು ಹಚ್ಚಿದ್ದಳು. ಎಷ್ಟೋ ದಿನಗಳ ಮೇಲೆ ಆಕೆಯ ಜೊತೆ ಮಾತಾಡಿದೆ.

"ಕೆಳಗ ಹೋಗು."

"ಆಯಿ ಬೈತಾಳ."

"ಆಯಿ ನೇಸರಗಿಗೆ ಹೋಗ್ಯಾಳ. ನೀ ಹೋಗು, ನಾ ಇಲ್ಲೆ ಕುಂದರತೇನಿ."

ಕರುಣೆಯಿಂದ ಹೇಳಿದೆ ಎಂದು ಓದುವವರು ತಿಳಿಯಬಾರದು. ಜಾಗ ಖಾಲಿಯಾಗಲಿ ಎಂದು ಹೇಳಿದೆ. ಆಕೆ ಕಾಕಾನ ಮುಖ ನೋಡಿದಳು. ಅಷ್ಟರಲ್ಲಿ ಅವ್ವ ಹಿಟ್ಟಿನ ಕೈಯಲ್ಲೇ ಬಂದು ನಿಚ್ಚಣಿಕೆ ಹಿಡಿದು ನಿಂತಿದ್ದಳು. ಆಕೆಗೂ ಅಡುಗೆಮನೆಯಲ್ಲಿ ಎಲ್ಲ ಕೇಳಿಸಿರಬೇಕು.

"ಇಳಿ ನನ್ನವ್ವಾ. ಹಡದವ್ವನ ಹಂತ್ಯಾಕ ಹೋಗಾಕ ಯಾರ ಅಪ್ಪಣಿ ಬೇಕು? ಅತ್ತಿ ನೇಸರಗಿಯಿಂದ ಬಂದು ಕೇಳಿದ್ರ ನಾ ಹೇಳತೇನಿ."

ಆಯಿಯ ಕಾನೂನನ್ನು ಅವ್ವ ಮುರಿದದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಸುನಂದಾ "ಹೌದ್ರಿ" ಎನ್ನಲಿಲ್ಲ. ಲಂಗ ಎತ್ತಿ ಹಿಡಿದು ಎರಡೆರಡು ಮೆಟ್ಟಿಲು ಇಳಿದು ಓಡಿದಳು.

ಅಟ್ಟದಲ್ಲಿ ಉಳಿದವರು ನಾನು, ಕಾಕಾ, ರೈಲು. ಕಾಕಾ ಪೆಟ್ಟಿಗೆಯನ್ನು ನನ್ನ ಕಡೆ ಸರಿಸಿದ. ನಾನು ಗುಂಡಿಯ ಮೇಲೆ ಕೈ ಇಟ್ಟು ಬಲಕ್ಕೆ ತಿರುವಿದೆ. ಕರಿ ಎಂಜಿನ್ ಒಮ್ಮೆ ನಡುಗಿ, ಕೆಂಪು ಡಬ್ಬಿಗಳನ್ನು ಎಳೆದುಕೊಂಡು ಹೊರಟಿತು. ಜೋಳದ ಚೀಲದ ಹಿಂದೆ ಹೋಗಿ ಮರೆಯಾಗಿ, ಬೆಳ್ಳುಳ್ಳಿ ಗೊಂಚಲಿನ ಕೆಳಗಿಂದ ಮತ್ತೆ ಬಂತು. ಎಷ್ಟು ದಿನ ಕಾದಿದ್ದೆನೋ ಅದೇ, ನನ್ನ ಕೈಯಲ್ಲೇ ನಡೆಯುತ್ತಿತ್ತು.

ಆಗ ಕೆಳಗಿನಿಂದ ಅತ್ತೆಯ ದನಿ ಬಂತು. "ಎಷ್ಟ ಸೊರಗೀದಿ ಬಂಗಾರಾ, ಬಾ ಇಲ್ಲೆ. ಬಾಯಿ ತಗಿ." ಉಂಡಿ ಮುರಿದ ಸದ್ದು. ಬಾಚಣಿಕೆ ಕೂದಲಲ್ಲಿ ಇಳಿಯುವ ಸದ್ದು. ನನಗೆ ಹೇಳುತ್ತಿದ್ದ ಎಮ್ಮೆಯ ಕಥೆಯನ್ನೇ ಅತ್ತೆ ಮತ್ತೆ ಮೊದಲಿನಿಂದ ಶುರು ಮಾಡಿದಳು. ತಾಯಿ ಮಗಳು ಇಬ್ಬರೂ ನಕ್ಕರು, ಅವ್ವ ಕೂಡ ಬಾಗಿಲಲ್ಲೇ ನಿಂತು ಅವರ ಜೊತೆ ನಕ್ಕಳು. ನನ್ನ ಅರ್ಧ ಬಿಚ್ಚಿದ ಜಡೆ ಹೆಗಲ ಮೇಲೆ ಹಾಗೇ ಬಿದ್ದಿತ್ತು. ನಾನು ಗುಂಡಿಯನ್ನು ಇನ್ನಷ್ಟು ಬಲಕ್ಕೆ ತಿರುವಿದೆ, ಆಮೇಲೆ ತಿರುಗುವಷ್ಟೂ ತಿರುವಿದೆ. ರೈಲು ಹುಚ್ಚು ಹಿಡಿದಂತೆ ಸುತ್ತತೊಡಗಿತು. ಕಾಕಾ ಬಗ್ಗಿ ಹಲಗೆಗೆ ಕಿವಿ ಹಚ್ಚಿ, ಮುಖ ಅರಳಿಸಿ ಕೇಳಿದ:

"ಎಷ್ಟು ಜೋರ ಬಿಟ್ರೂ ಒಂಚೂರರೆ ಸಪ್ಪಳ ಐತೇನ ನೀಲಾ?"

"ಇಲ್ಲ ಕಾಕಾ," ಎಂದೆ. ಕೆಳಗಿನ ಒಂದೊಂದು ಮಾತೂ ಕೇಳುತ್ತಿತ್ತು.